ಹುಣಸೆ ಹರಾಜು

ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತಲ್ಲ,
ಆ ಹೆಸರು ಹೋದ ಮೇಲೂ ಹೋಗದೆ ಉಳಿದವರು
ಬೆಟ್ಟದ ಕಡೆಗಿನ ರಸ್ತೆಯ ಮಗ್ಗುಲಲ್ಲಿ
ಮುಕ್ಕಾಲು ಎಕರೆಯೊಳಗೆ ಮಲಗಿದ್ದಾರೆ.
ನಾವು ಕರೆಯುವುದು ದೊರೆಗೋರಿ ಅಂತ.
ಒಳಗೆ ದೊರೆ ಅನ್ನುವವನು ಒಬ್ಬನೂ ಇಲ್ಲ:
ಸಿಪಾಯಿಗಳು, ಬ್ಯಾಂಡಿನವನೊಬ್ಬ, ಕೆಲವು ಹೆಂಗಸರು,
ಕುದುರೆಗೆ ಲಾಳ ಹೊಡೆಯುತ್ತಿದ್ದವನು.

ಪ್ರತಿ ಮಾಘದಲ್ಲಿ ಅಲ್ಲಿನ ಹುಣಸೆಮರಗಳ ಹರಾಜು.
ಪುರಸಭೆಯ ಜವಾನ ಗೋಡೆಯಾಚೆ ನಿಂತೇ ಕೂಗುತ್ತಿದ್ದ,
ಒಳಕ್ಕೆ ಕಾಲಿಡುತ್ತಿರಲಿಲ್ಲ.
"ಮೂರು ಮರ, ಒಂದನೇ ಸಾರಿ..."
ಯಾರೂ ಉಸಿರೆತ್ತರು.
ಆ ಮರದ ಹುಳಿ ಬಿಟ್ಟ ಸಾರು
ರಾತ್ರಿ ಗಡಿಗೆಯೊಳಗೆ ಇಂಗ್ಲಿಷಿನಲ್ಲಿ ಗೊಣಗುತ್ತದಂತೆ.
"ಎರಡನೇ ಸಾರಿ..."
ಸಣ್ಣತಾಯಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದಳು.

"ಬದುಕಿರೋರ ಜೊತೇಲಿ ನಲವತ್ತೊರ್ಸ ಏಗಿವ್ನಿ,
ಇವ್ರೇನ್ ಮಾಡಾರು ಬುಡವ್ವ."

ಗೋರಿಗಳನ್ನು ಅವಳು ಗುರುತು ಹಿಡಿಯುತ್ತಿದ್ದದ್ದು ಕೆಲಸದಿಂದ.
ಚೂಪು ಕಂಬದ್ದು ಆಡು ಕಟ್ಟುವುದಕ್ಕೆ.
ರೆಕ್ಕೆ ಮುರಿದ ಕಲ್ಲುಹೆಂಗಸು ನಿಂತಿದ್ದಾಳಲ್ಲ,
ಅವಳ ಕೈಗೆ ಬುತ್ತಿಯ ಗಂಟು, ಇರುವೆ ಹತ್ತದ ಹಾಗೆ.
ಮೂಲೆಯಲ್ಲೊಂದು ಸಣ್ಣ ಚಪ್ಪಡಿ,
ಬಿಸಿಲಿಗೆ ಕಾದು ನುಣ್ಣಗೆ,
ಹುಣಸೆ ಕುಟ್ಟಲು ಹೇಳಿ ಮಾಡಿಸಿದಂಥದು.

ಮಧ್ಯಾಹ್ನ ಅಲ್ಲಿ ಕೆಂಬೂತ ಒಂದೇ ಮಾತಾಡುವುದು.
ಲಂಟಾನದ ಪೊದೆಯಡಿ ಗೌಜಲು ತರಗೆಲೆ ಕೆದರುವ ಸದ್ದು.
ಶಿಲುಬೆಯ ತುದಿಯಲ್ಲಿ ಓತಿಕೇತ, ಗಂಟಲು ಕೆಂಪು ಮಾಡಿ,
ಪಹರೆ ಬದಲಾಯಿಸಲು ಯಾರೂ ಬರಲಿಲ್ಲವೆಂದು
ಸಿಟ್ಟಾದವನ ಹಾಗೆ.
ಗೋಡೆಯಾಚೆ ಕಬ್ಬು. ನಾಲೆಗೆ ನೀರು ಬಿಟ್ಟ ವಾರ
ಇಲ್ಲಿನ ಮಣ್ಣೂ ಅಡಿಯಿಂದ ಒದ್ದೆಯಾಗಿ
ತುಂಬೆ ಒಂದು ಗೇಣು ಜಾಸ್ತಿ ಬೆಳೆಯುತ್ತಿತ್ತು.
ಆಲೆಮನೆಯ ಹೊಗೆ ಈ ಕಡೆ ತಿರುಗಿದರೆ
ಸತ್ತವರಿಗೆಲ್ಲ ಪಾಕದ ವಾಸನೆ.
ಮೇಲಿಂದ ಕುಂತಿಬೆಟ್ಟದ ಬಂಡೆಗಳು ನೋಡುತ್ತಿದ್ದವು;
ಅವಕ್ಕೆ ಅವರೂ ನಾವೂ ನಿನ್ನೆ ಬಂದವರು.

ನಾನಾಗ ಎಂಟನೇ ಕ್ಲಾಸು. ಹುಣಸೆಬೀಜಕ್ಕೆ ಹೋಗುತ್ತಿದ್ದೆ,
ಅರ್ಧ ಅಳಗುಳಿಮಣೆಗೆ, ಅರ್ಧ ಹುರಿದು ತಿನ್ನಲು.
"ಇಸ್ಕೂಲಿಗೆ ಹೋಯ್ತೀಯಲ್ಲ, ಓದು ಮತ್ತೆ,
ಏನಂತದೆ ಈ ಕಲ್ಲು?"
ಹಾವಸೆ ಅಕ್ಷರದೊಳಕ್ಕೆ ಇಳಿದಿತ್ತು.
ಕಂಪಾಸಿನಲ್ಲಿದ್ದ ಸೀಮೆಸುಣ್ಣದ ತುಂಡು ಉಜ್ಜಿದೆ.
ಕಲ್ಲು ಬೆಳ್ಳಗಾಯಿತು, ಗೀರು ಕಪ್ಪಗೆ ಉಳಿಯಿತು.
ಮೊದಲು ಒಂದು ಇಸವಿ ಮೇಲೆದ್ದಿತು, ಆಮೇಲೆ ಹೆಸರು,
ಹ್ಯಾರಿಯೆಟ್ಟೋ ಹೇರಿಯಟ್ಟೋ ತಡವರಿಸಿದೆ.
ಉಳಿದದ್ದು ಕಲಿತಿದ್ದ ಪಾಠ.
"ಏಳು ತಿಂಗಳು, ಅಜ್ಜಿ. ಹೆಣ್ಣುಮಗು. ಜ್ವರ."

ಅವಳ ಕೈಯ ಕೊಡತಿ ಅರ್ಧಕ್ಕೆ ನಿಂತಿತು.
ಹದಿನಾಲ್ಕು ಮಾಘ ಅದೇ ಕಲ್ಲಿನ ಮೇಲೆ ಕುಟ್ಟಿದ್ದಳು.
ಬೈದಳು, ಯಾರನ್ನೋ ಗೊತ್ತಿಲ್ಲ, ನನ್ನನ್ನೂ ಇರಬಹುದು.
ಹಣ್ಣನ್ನೆಲ್ಲ ಗೋಣಿಗೆ ಬಾಚಿ
ಸೆರಗಿನ ತುದಿ ಎಂಜಲು ಮಾಡಿಕೊಂಡು
ಚಪ್ಪಡಿ ಒರೆಸತೊಡಗಿದಳು,
ಕೂಸಿನ ಕಟವಾಯಿ ಒರೆಸುತ್ತಾರಲ್ಲ ಹಾಗೆ.
"ಹಲ್ಲೇ ಬಂದಿರ್ನಿಲ್ಲ ಕಣವ್ವ ಇದ್ಕೆ.
ಹುಳಿ ತಿನ್ನಿಸ್ಬುಟ್ನಲ್ಲ."

ಮಾರನೆಯ ದಿನದಿಂದ ಲಾಳದವನ ಕಲ್ಲಿಗೆ ಹೋದಳು.
ಅವನ್ಯಾರೆಂದು ನಾನೇ ಓದಿ ಹೇಳಿದ್ದೆ.
ಅವನಿಗೆ ಸುತ್ತಿಗೆ ಸದ್ದು ರೂಢಿ ಎಂದಳು.

ಈಗ ಹರಾಜಿಲ್ಲ. ಒಂದು ಮರ ಗಾಳಿಗೆ ಹೋಯಿತು.
ಪುರಸಭೆಯವರು ಹೊಸ ಗೇಟು ಹಾಕಿ, ಬೀಗದ ಕೈ ಕಳೆದುಕೊಂಡು,
ಗೋಡೆ ಕುಸಿದ ಕಡೆಯಿಂದಲೇ ಓಡಾಡುತ್ತಾರೆ.
ಸಣ್ಣತಾಯಮ್ಮನನ್ನು ಮಣ್ಣು ಮಾಡಿದ್ದು ನಾಲೆ ಏರಿಯ ಕೆಳಗೆ,
ಕಲ್ಲಿಲ್ಲ. ಎಲ್ಲಿ ಅಂತ ಅವಳ ಮೊಮ್ಮಗ ಬೆರಳು ತೋರಿಸಿದ,
ಆ ಬೆರಳು ಸ್ವಲ್ಪ ಅತ್ತಿತ್ತ ಆಡಿತು.

ಹೋದ ವಾರ ಗೋರಿಯ ಕಡೆ ಹೋಗಿದ್ದೆ.
ಸಣ್ಣ ಚಪ್ಪಡಿಯ ಮೇಲೆ ಎರಡು ಹಣ್ಣು ಉದುರಿ ಬಿದ್ದಿದ್ದವು.
ಎತ್ತಿ ಈಚೆಗೆ ಇಟ್ಟೆ.
ಆಮೇಲೆ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡೆ.
ಈ ವರ್ಷ ಹುಳಿ ಜಾಸ್ತಿ.